ತೊಗರಿ ಬೇಳೆಗೆ ಹೊಸ ಗಿರಾಕಿಗಳು: ಕಡಿಮೆ ಖರ್ಚಿನ ದಾರಿ

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಲಬುರಗಿ, ಸೇಡಂ, ಚಿತ್ತಾಪುರ, ಆಳಂದ ಕಡೆಯ ಕಣಗಳಲ್ಲಿ ತೊಗರಿಯ ರಾಶಿ ನಡೆಯುತ್ತದೆ. ರಾಶಿ ಮುಗಿದ ಕೂಡಲೇ ಸಾಲ ತೀರಿಸಲು, ಮನೆಖರ್ಚು ತೂಗಿಸಲು ಎಲ್ಲರೂ ಒಮ್ಮೆಗೇ ಮಾರುಕಟ್ಟೆಗೆ ಚೀಲ ತರುತ್ತಾರೆ. ಆವಕ ಹೆಚ್ಚಿದಾಗ ಧಾರಣೆ ಇಳಿಯುವುದು ಸಹಜ. ಅದೇ ತೊಗರಿ ಬೇಳೆಯಾಗಿ ಪಟ್ಟಣದ ಅಂಗಡಿ ಸೇರಿದಾಗ ಅದರ ಬೆಲೆ ಬೇರೆಯೇ ಆಗಿರುತ್ತದೆ.

“ಹಾಗಾದರೆ ನಾವೇ ಬೇಳೆ ಮಾಡಿ ಮಾರಿದರೆ ಹೇಗೆ?” ಎಂದು ಅನೇಕ ರೈತರು ಕೇಳುತ್ತಾರೆ. ಮಾರಬಹುದು. ಆದರೆ ಗಿರಾಕಿಯನ್ನು ಹುಡುಕುವ ಖರ್ಚು ಬಂದ ಲಾಭವನ್ನೇ ನುಂಗಬಾರದು. ಇದನ್ನು ಸಾಧಿಸುವ ಕೆಲವು ಸರಳ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಎಷ್ಟು ಮಾಲಿನಿಂದ ಆರಂಭಿಸಬೇಕು?

ಮೊದಲ ವರ್ಷವೇ ಇಡೀ ಬೆಳೆಯನ್ನು ಬೇಳೆ ಮಾಡುವುದು ಸರಿಯಲ್ಲ. ಹತ್ತು ಕ್ವಿಂಟಲ್ ಬೆಳೆದವರು ಒಂದೆರಡು ಕ್ವಿಂಟಲ್ ಮಾತ್ರ ಇದಕ್ಕೆ ತೆಗೆದಿಟ್ಟು, ಉಳಿದುದನ್ನು ಎಂದಿನಂತೆ ಮಾರಬೇಕು. ಗಿರಾಕಿಗಳು ನಿಂತ ಮೇಲೆ ಪ್ರಮಾಣವನ್ನು ಹೆಚ್ಚಿಸಬಹುದು. ತೊಗರಿಯಲ್ಲಿ ಒಂದು ಅನುಕೂಲವಿದೆ. ಚೆನ್ನಾಗಿ ಒಣಗಿಸಿ ಒಡೆದ ಬೇಳೆಗೆ ಇಡೀ ಕಾಳಿನಷ್ಟು ಬೇಗ ಹುಳು ಬೀಳುವುದಿಲ್ಲ. ಆದ್ದರಿಂದ ಟೊಮೇಟೊ ಬೆಳೆದವರಂತೆ ಅಂದಿನ ಮಾಲನ್ನು ಅಂದೇ ಮಾರುವ ಅವಸರ ಇರುವುದಿಲ್ಲ.

ಮೊದಲು ಮಾಲು, ಆಮೇಲೆ ಪ್ರಚಾರ

ಕಲ್ಲು, ನುಚ್ಚು, ಹೊಟ್ಟು ಉಳಿದ ಬೇಳೆಯನ್ನು ಒಮ್ಮೆ ಕೊಂಡವರು ಮತ್ತೆ ಕೊಳ್ಳುವುದಿಲ್ಲ. ಬೇಳೆಯನ್ನು ಜರಡಿ ಹಿಡಿದು, ಆರಿಸಿ, ಒಂದೇ ಸಮನಾದ ಮಾಲನ್ನು ಕೊಡಬೇಕು. ಹೊಳಪಿಗಾಗಿ ಬಣ್ಣ ಹಾಕುವುದು ಕಾನೂನುಬಾಹಿರ. ತೊಗರಿ ಬೇಳೆಯಲ್ಲಿ ಕೇಸರಿ ಬೇಳೆ ಬೆರೆಸುತ್ತಾರೆಂಬ ಅಂಜಿಕೆ ಗೃಹಿಣಿಯರಲ್ಲಿ ಇದೆ. “ಇದು ನಮ್ಮ ಹೊಲದ್ದು, ಬೆರಕೆ ಇಲ್ಲ” ಎಂದು ಹೇಳಬಲ್ಲವನು ಬೆಳೆದ ರೈತ ಮಾತ್ರ. ಈ ನಂಬಿಕೆಯೇ ಅವನ ಪುಕ್ಕಟೆ ಜಾಹೀರಾತು.

ಗಿರಾಕಿಗಳನ್ನು ಹುಡುಕುವ ಕ್ರಮಗಳು

1. ಮಾದರಿ ಕೊಡುವುದು: ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ರೈತರಿಗೆ ಬಣ್ಣದ ಕರಪತ್ರ ಅಚ್ಚು ಹಾಕಿಸಲು ನಾನೇ ಸಲಹೆ ಮಾಡಿದ್ದೆ. ಸಾವಿರ ಕರಪತ್ರ ಹಂಚಿದರೂ ಬೇಳೆ ಕೇಳಿಕೊಂಡು ಬಂದವರು ಬೆರಳೆಣಿಕೆಯಷ್ಟು. ಅದೇ ಹಳ್ಳಿಯ ಒಬ್ಬ ತಾಯಿ, ಕಲಬುರಗಿಯಲ್ಲಿ ತನ್ನ ಮಗಳಿದ್ದ ಓಣಿಯ ಮನೆಗಳಿಗೆ ಪಾವ್ ಕಿಲೋ ಬೇಳೆ ಹಂಚಿ ಬಂದಿದ್ದರು. ಮುಂದಿನ ತಿಂಗಳು ಓಣಿಯವರೇ ಬೇಳೆ ಬೇಕೆಂದು ಹೇಳಿ ಕಳುಹಿಸಿದರು. ನನ್ನ ಸಲಹೆ ತಪ್ಪಾಗಿತ್ತು. ಬೇಳೆ ಬೆಂದು ರುಚಿ ತಿಳಿದ ಮೇಲೆಯೇ ಗಿರಾಕಿ ಸಿಗುತ್ತಾನೆ.

2. ಒಂದೇ ಕಡೆ ಹಲವು ಮನೆ: ಊರೆಲ್ಲ ತಿರುಗಿದರೆ ಸಾಗಣೆ ಖರ್ಚು ಹೆಚ್ಚುತ್ತದೆ. ಒಂದು ಬಡಾವಣೆ, ಒಂದು ಶಾಲೆ ಅಥವಾ ಒಂದು ಕಚೇರಿಯ ನೌಕರರನ್ನು ಆರಿಸಿಕೊಂಡು, ತಿಂಗಳಿಗೆ ಒಂದು ದಿನ ಗೊತ್ತುಮಾಡಬೇಕು. ಹೋಗುವ ಮೂರು ದಿನ ಮೊದಲು ಮೊಬೈಲಿನಲ್ಲಿ ಸಂದೇಶ ಕಳುಹಿಸಿ, ಯಾರಿಗೆ ಎಷ್ಟು ಬೇಕೆಂದು ಬರೆದುಕೊಂಡು ಅಷ್ಟನ್ನೇ ಒಯ್ಯಬೇಕು.

3. ಹಳೆಯ ಗಿರಾಕಿಯ ಮೂಲಕ ಹೊಸಬರು: ಪ್ರತಿ ಚೀಲದಲ್ಲೂ ರೈತನ ಹೆಸರು, ಊರು, ದೂರವಾಣಿ ಸಂಖ್ಯೆ ಇರಬೇಕು. ಹೊಸ ಮನೆಯನ್ನು ತೋರಿಸಿಕೊಟ್ಟವರಿಗೆ ಅರ್ಧ ಕಿಲೋ ಬೇಳೆ ಹೆಚ್ಚಿಗೆ ಕೊಡುವುದು ಯಾವ ಜಾಹೀರಾತಿಗಿಂತಲೂ ಅಗ್ಗ.

4. ಮೇಳ, ಸಂತೆಗಳು: ಕೃಷಿ ಮೇಳಗಳಲ್ಲಿ ಹೊಸಬರ ಪರಿಚಯವಾಗುತ್ತದೆ. ಮಳಿಗೆಗೆ ಬಾಡಿಗೆ ಇದ್ದಲ್ಲಿ ಐದಾರು ರೈತರು ಕೂಡಿ ಹಿಡಿಯಬೇಕು. ಅಂದಿನ ಮಾರಾಟಕ್ಕಿಂತ ಬಂದವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಬರೆದುಕೊಳ್ಳುವುದು ಮುಖ್ಯ.

ಒಂದು ಕ್ವಿಂಟಲಿನ ಲೆಕ್ಕ

ಮುಂದಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ರೈತರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕ ಮಾಡಬೇಕು.

ತೊಗರಿಗೆ ಮಾರುಕಟ್ಟೆಯಲ್ಲಿ 7,000 ರೂಪಾಯಿ ಧಾರಣೆ ಇದೆ ಎಂದುಕೊಳ್ಳೋಣ. ಹಮಾಲಿ, ಸಾಗಣೆಗೆ 150 ರೂ. ಕಳೆದರೆ ಕೈಗೆ ಬರುವುದು 6,850 ರೂ.

ಬೇಳೆ ಮಾಡಿದರೆ 70 ಕಿಲೋ ಬಂದೀತು. ಕಿಲೋಗೆ 130 ರೂ.ನಂತೆ 9,100 ರೂ., ನುಚ್ಚು, ಹೊಟ್ಟಿನಿಂದ 300 ರೂ., ಒಟ್ಟು 9,400 ರೂ. ಆಗುತ್ತದೆ. ಇದರಲ್ಲಿ ಮಿಲ್ಲಿನ ಖರ್ಚು 500, ಚೀಲ ಮತ್ತು ಚೀಟಿಗೆ 280, ಸಾಗಣೆಗೆ 350, ಮಾದರಿಗೆ 200, ಹೀಗೆ 1,330 ರೂ. ಕಳೆದರೆ 8,070 ರೂ. ಉಳಿಯುತ್ತದೆ. ಹೆಚ್ಚಿಗೆ ದೊರೆತದ್ದು 1,220 ರೂ.

ಈ 1,220 ರೂಪಾಯಿಯಲ್ಲಿ ಮನೆಯವರ ದುಡಿಮೆಯ ಕೂಲಿಯೂ ಸೇರಿದೆ ಎಂಬುದನ್ನು ಮರೆಯಬಾರದು. ಒಬ್ಬರೇ 1,000 ರೂ. ಕೊಟ್ಟು ಮಳಿಗೆ ಹಿಡಿದು ಒಂದೇ ಕ್ವಿಂಟಲ್ ಮಾರಿದರೆ ಉಳಿಯುವುದು 220 ರೂ. ಮಾತ್ರ. ಉದ್ರಿ ಕೊಟ್ಟ 10 ಕಿಲೋ ಬೇಳೆಯ ಹಣ ಬಾರದೆ ಹೋದರೆ 1,300 ರೂ. ಕೈಬಿಟ್ಟು, ಮಾರುಕಟ್ಟೆಯಲ್ಲಿ ಮಾರಿದ್ದಕ್ಕಿಂತ 80 ರೂ. ಕಡಿಮೆಯೇ ಸಿಕ್ಕಂತಾಗುತ್ತದೆ. ಆದ್ದರಿಂದ ಪರಿಚಯದವರೇ ಆಗಲಿ, ನಗದು ವ್ಯವಹಾರವೇ ಲೇಸು.

ಒಂದು ನೋಟುಪುಸ್ತಕವಿಟ್ಟು ಯಾವ ಗಿರಾಕಿ ಯಾರ ಮೂಲಕ ಬಂದರು, ಎಷ್ಟು ಸಲ ಕೊಂಡರು ಎಂಬುದನ್ನು ಬರೆದಿಡಬೇಕು. ಯಾವ ದಾರಿಗೆ ಹಾಕಿದ ಹಣ ಮರಳಿ ಬಂತು ಎಂಬುದು ಇದರಿಂದ ತಿಳಿಯುತ್ತದೆ.

ಕಾಯಿದೆಯ ಕಟ್ಟಳೆಗಳು

ಆಹಾರ ಪದಾರ್ಥ ತಯಾರಿಸಿ ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕು. ಚೀಲದ ಮೇಲೆ ಪದಾರ್ಥದ ಹೆಸರು, ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ವರ್ಷ ಮತ್ತು ಗರಿಷ್ಠ ಮಾರಾಟ ಬೆಲೆ ಇರಬೇಕು. ತೂಕ ಒಂದು ಹಿಡಿಯೂ ಕಡಿಮೆಯಾಗಬಾರದು.

ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ದೂರದ ಊರುಗಳ ಗಿರಾಕಿಗಳ ವಿಶ್ವಾಸ ಗಳಿಸಲು ಇದು ಸಹಾಯಕ. ಆದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡ ನಂತರವೇ ಈ ಗುರುತನ್ನು ಚೀಲದ ಮೇಲೆ ಹಾಕಬೇಕು.

ರೈತ ಬಾಂಧವರು ಈ ಹಂಗಾಮಿನಲ್ಲಿ ಒಂದು ಕ್ವಿಂಟಲ್ ತೊಗರಿಯಿಂದ, ಇಪ್ಪತ್ತು ಮನೆಗಳಿಂದ ಪ್ರಾರಂಭಿಸಬಹುದು. ಆ ಇಪ್ಪತ್ತು ಮನೆಯವರು ಎರಡನೆಯ ಸಲವೂ ಕೊಂಡರೆ ಇಪ್ಪತ್ತೊಂದನೆಯ ಮನೆಯನ್ನು ಅವರೇ ತೋರಿಸುತ್ತಾರೆ. ಕೊಳ್ಳದಿದ್ದರೆ ಪ್ರಚಾರಕ್ಕೆ ಹಣ ಸುರಿಯುವ ಬದಲು ಬೇಳೆಯಲ್ಲಿನ ಕೊರತೆ ಏನೆಂದು ಕೇಳಿ ತಿಳಿದುಕೊಳ್ಳಬೇಕು. ಕಿರು ಬೇಳೆ ಯಂತ್ರ ಹಾಗೂ ನೋಂದಣಿಯ ಬಗ್ಗೆ ಹೆಚ್ಚಿನ ವಿವರಗಳಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.