ಐದು ಪಂದ್ಯಕ್ಕೆ ಎಂಟುನೂರು ವರ್ಷ!

ಟಿ20 ಪಂದ್ಯದಲ್ಲಿ ಎರಡೂ ತಂಡಗಳು ಪೂರ್ತಿ ಓವರ್ ಆಡಿದರೆ 240 ಎಸೆತ. ಪಿಚ್ಚಿನ ಉದ್ದ 22 ಗಜ, ಅಂದರೆ 20 ಮೀಟರ್ ಚಿಲ್ಲರೆ. ಚೆಂಡು ಈ ತುದಿಯಿಂದ ಆ ತುದಿಗೆ ಓಡಿದ್ದನ್ನೆಲ್ಲ ಕೂಡಿಸಿ: ಒಂದು ಪಂದ್ಯಕ್ಕೆ 4.8 ಕಿ.ಮೀ. ಮೂರೇ ಪಂದ್ಯ ಸಾಕು, ದಾವಣಗೆರೆಯಲ್ಲಿ ಹೊರಟ ಚೆಂಡು ಹರಿಹರ ಮುಟ್ಟುತ್ತದೆ!

ಗಂಟೆಗೆ 140 ಕಿ.ಮೀ. ವೇಗದ ಎಸೆತಕ್ಕೆ ಪಿಚ್ ದಾಟಲು ಬೇಕಾದದ್ದು ಅರ್ಧ ಸೆಕೆಂಡ್. ಅದೇ ಲೆಕ್ಕದಲ್ಲಿ 240 ಎಸೆತಕ್ಕೆ ಎರಡು ನಿಮಿಷ. ಸ್ಪಿನ್ನರುಗಳ ನಿಧಾನವನ್ನೂ ಸೇರಿಸಿ ಧಾರಾಳವಾಗಿ ನಾಲ್ಕು ನಿಮಿಷ ಅನ್ನೋಣ. ಆ ನಾಲ್ಕು ನಿಮಿಷ ನೋಡಲು ನಾವು ಟಿ.ವಿ. ಮುಂದೆ ಕೂರುವುದು ಮೂರೂವರೆ ಗಂಟೆ!

2025ರ ಐಪಿಎಲ್ ಪಟ್ಟಿಯಲ್ಲಿದ್ದ ಪಂದ್ಯಗಳು 74. ಒಂದನ್ನೂ ಬಿಡದೆ ನೋಡಿದವರಿಗೆ 259 ಗಂಟೆ. ನಿದ್ದೆ, ಊಟ, ಸ್ನಾನ ಯಾವುದೂ ಇಲ್ಲದ ಹತ್ತು ಮುಕ್ಕಾಲು ದಿನ. ಅಷ್ಟು ಹೊತ್ತು ಗಂಟೆಗೆ ನಾಲ್ಕು ಕಿ.ಮೀ.ನಂತೆ ಆರಾಮಾಗಿ ನಡೆದಿದ್ದರೆ? ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೊಮ್ಮೆ ಹೋಗಿ ಹೆಚ್ಚುಕಡಿಮೆ ಮನೆ ಮುಟ್ಟಬಹುದಿತ್ತು. ಕಾಲ್ನಡಿಗೆಯಲ್ಲಿ!

ಇದು ಒಬ್ಬರ ಲೆಕ್ಕ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನ ಸುಮಾರು 4.35 ಲಕ್ಷ. ಇಡೀ ಊರು ಒಂದೇ ಒಂದು ಪಂದ್ಯ ನೋಡಿತು ಅಂದುಕೊಳ್ಳಿ: ಖರ್ಚಾದದ್ದು 15 ಲಕ್ಷ ಗಂಟೆ, ಅಂದರೆ 174 ವರ್ಷ. ಐದು ಪಂದ್ಯಕ್ಕೆ 869 ವರ್ಷ! ಪಕ್ಕದ ಹರಿಹರದಲ್ಲಿ ಪೊಲಾಳ್ವ ದಂಡನಾಥ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 1224ರ ಹೊತ್ತಿಗೆ. ಹೊಯ್ಸಳರ ಆ ಕಂಬಗಳು ಎಂಟು ಶತಮಾನ ಮಳೆ ಬಿಸಿಲು ಕಂಡಿವೆ. ಅಷ್ಟು ಕಾಲವನ್ನು ಒಂದು ಊರು ಒಂದೇ ವಾರದಲ್ಲಿ ಮುಗಿಸಬಲ್ಲದು.

2023ರ ನವೆಂಬರ್ 19ಕ್ಕೆ ಬನ್ನಿ. ಅಹಮದಾಬಾದಿನಲ್ಲಿ ಭಾರತ–ಆಸ್ಟ್ರೇಲಿಯಾ ವಿಶ್ವಕಪ್ ಫೈನಲ್. ಹಾಟ್‌ಸ್ಟಾರ್ ಒಂದರಲ್ಲೇ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಕರು! 2011ರಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಎಲ್ಲರೂ, ತೊಟ್ಟಿಲ ಕೂಸೂ ಸೇರಿದಂತೆ, ಒಂದೇ ಚೆಂಡಿನ ಮೇಲೆ ಕಣ್ಣಿಟ್ಟಷ್ಟು. ಅಂಥ ಒಂದೇ ಗಂಟೆಗೆ 6,700 ವರ್ಷ. ಈಜಿಪ್ಟಿನ ಮಹಾ ಪಿರಮಿಡ್ಡಿಗೇ ಇನ್ನೂ 4,600 ಆಗಿದೆ!

ಇನ್ನೂ ದೊಡ್ಡದಿದೆ. 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್, ಅರ್ಜೆಂಟೀನಾ–ಫ್ರಾನ್ಸ್. ನೋಡಿದವರು ಹತ್ತಿರ ಹತ್ತಿರ 150 ಕೋಟಿ ಎನ್ನುತ್ತದೆ ಫಿಫಾ. ತಲಾ ಎರಡು ಗಂಟೆ ಹಿಡಿದರೂ 3.4 ಲಕ್ಷ ವರ್ಷ. ಮನುಷ್ಯ ಜಾತಿ ಹುಟ್ಟಿಯೇ ಸುಮಾರು 3 ಲಕ್ಷ ವರ್ಷ!

ಹಾಗಾದರೆ ಇದೆಲ್ಲ ದಂಡವೇ? ಖಂಡಿತ ಅಲ್ಲ. 17 ಋತು ಕಾದ ಮೇಲೆ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಆರೇ ಆರು ರನ್ನಿನಿಂದ ಐಪಿಎಲ್ ಕಪ್ ಗೆದ್ದದ್ದನ್ನು ಕಂಡ ಕಣ್ಣುಗಳಿಗೆ ಆ ಹೊತ್ತು ಲಾಭವೇ. ನಮ್ಮ ತಂಡದ ಲೀಗ್ ಪಂದ್ಯ 14, ಸಮಯ 49 ಗಂಟೆ, ವರ್ಷಕ್ಕೆ ಎರಡು ದಿನ. ಇಷ್ಟು ಖುಷಿ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು. ನನ್ನ ತಕರಾರು ನಮ್ಮ ತಂಡವಿಲ್ಲದ ಉಳಿದ ಪಂದ್ಯಗಳ ಬಗ್ಗೆ: 200 ಗಂಟೆಗೂ ಹೆಚ್ಚು!

ದಾವಣಗೆರೆಯವರೇ ಆದ ಆರ್. ವಿನಯ್ ಕುಮಾರ್, ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್', ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಕಿತ್ತದ್ದು 500ಕ್ಕೂ ಹೆಚ್ಚು ವಿಕೆಟ್. ಹತ್ತು ಹತ್ತರ ಲೆಕ್ಕದಲ್ಲಿ 50 ಬಾರಿ ಎದುರಾಳಿಯನ್ನು ಒಬ್ಬರೇ ಆಲೌಟ್ ಮಾಡಿದಷ್ಟು! ಅವರ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡು ವರ್ಷ ರಣಜಿ ಗೆದ್ದಿತು. ಅಂಥವರು ತಯಾರಾಗುವುದು ಮೈದಾನದಲ್ಲಿ. ಆ 200 ಗಂಟೆಯಲ್ಲಿ ಹತ್ತನ್ನಾದರೂ ಹೈಸ್ಕೂಲ್ ಮೈದಾನಕ್ಕೆ ಕೊಡಿ. ಬರುವಾಗ ಮನೆಯ ಮಕ್ಕಳ ಕೈಗೊಂದು ಟೆನಿಸ್ ಬಾಲ್ ಕೊಟ್ಟು ಕರೆತನ್ನಿ.