ಎಸ್. ಆರ್. ಕಂಠಿಯವರ ಅಲ್ಪಕಾಲದ ಮುಖ್ಯಮಂತ್ರಿತ್ವ

ವಿಜಾಪುರ ಜಿಲ್ಲೆಯವರಾದ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು 1956ರಿಂದ 1962ರ ವರೆಗೆ ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತವು ಲಭಿಸಿತಾದರೂ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಜಿತರಾದರು. ಆಗ, ಮಾರ್ಚ್ 14ರಂದು, ಕಂಠಿಯವರು ಮುಖ್ಯಮಂತ್ರಿಪದವನ್ನು ವಹಿಸಿಕೊಂಡರು. ನಿಜಲಿಂಗಪ್ಪನವರು ಬಾಗಿಲಕೋಟೆಯ ಉಪಚುನಾವಣೆಯಲ್ಲಿ ಜಯಶೀಲರಾಗಲು, ಜೂನ್ ತಿಂಗಳಲ್ಲಿ ಅದನ್ನು ಅವರಿಗೆ ಬಿಟ್ಟುಕೊಟ್ಟರು.

ಇಲ್ಲಿ ವಿಚಾರಣೀಯವಾದ ಅಂಶವೊಂದುಂಟು. ನಮ್ಮ ರಾಜ್ಯಾಂಗದಲ್ಲಿ ‘ಹಂಗಾಮಿ ಮುಖ್ಯಮಂತ್ರಿ’ ಎಂಬ ಪದವಿಯೇ ಇಲ್ಲ. ಪ್ರಮಾಣವಚನವನ್ನು ಸ್ವೀಕರಿಸಿದವನು ಪೂರ್ಣಾಧಿಕಾರಿಯೇ ಸರಿ. ಆದುದರಿಂದ ಕಂಠಿಯವರು ಪದವನ್ನು ಹಿಂದಿರುಗಿಸಿದುದು ಶಾಸನದ ನಿರ್ಬಂಧದಿಂದಲ್ಲ. ಅಧಿಕಾರವನ್ನು ನ್ಯಾಸವೆಂದು ಬಗೆದುದರಿಂದ. ಅನಂತರ ಅವರು ನಿಜಲಿಂಗಪ್ಪನವರ ಸಂಪುಟದಲ್ಲಿಯೇ ವಿದ್ಯಾಮಂತ್ರಿಗಳಾದರು. 1963ರಲ್ಲಿ ವಿಜಾಪುರದ ಸೈನಿಕ ಶಾಲೆಯು ಸ್ಥಾಪಿತವಾದುದು ಆ ಅವಧಿಯಲ್ಲಿಯೇ. ಅವರು 1969ರಲ್ಲಿ ದಿವಂಗತರಾದರು. ಏರಿದ ಪದವಿಗಿಂತಲೂ ಇಳಿದ ರೀತಿಯೇ ಅವರ ಹೆಸರನ್ನು ಉಳಿಸಿದೆ.