ಮಾತು ಕೊಡುವ ದೇವರು

ಚಿಂತನೆ ಮೊದಲು, ಭಾಷೆ ಅನಂತರ ತೊಡಿಸುವ ಉಡುಪು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಿದ್ಯಮಾನಶಾಸ್ತ್ರದ ಫ್ರೆಂಚ್ ದಾರ್ಶನಿಕರಾದ ಮೆರ್ಲೋ-ಪೊಂಟಿ ಅವರು 1945ರ ತಮ್ಮ ಪ್ರಧಾನ ಗ್ರಂಥದಲ್ಲಿ ಇದನ್ನು ನಿರಾಕರಿಸುತ್ತಾರೆ: ಸಿದ್ಧವಾಗಿರುವ ಚಿಂತನೆಯನ್ನು ಮಾತು ಅನುವಾದಿಸುವುದಿಲ್ಲ, ಮಾತಿನಲ್ಲಿಯೇ ಚಿಂತನೆ ಪೂರ್ಣಗೊಳ್ಳುತ್ತದೆ.

ಯೋಹಾನನ ಸುವಾರ್ತೆಯ ‘ಲೋಗೋಸ್’ ಕನ್ನಡ ಬೈಬಲಿನಲ್ಲಿ ‘ವಾಕ್ಯ’ವಾಗಿದೆ. ಶಾಲೆಯಲ್ಲಿ ವ್ಯಾಕರಣ ಕಲಿತವರಿಗೆ ಅದು ಪದಗಳ ಜೋಡಣೆಯಾಗಿಯಷ್ಟೇ ಕೇಳಿಸಬಹುದು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನರು ಮಾತನ್ನು ಆಡುವುದಲ್ಲದೆ ಕೊಡುತ್ತಾರೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾರೆ, ಇಲ್ಲವೇ ಅದಕ್ಕೆ ತಪ್ಪುತ್ತಾರೆ. ಈ ನುಡಿಯಲ್ಲಿ ಮಾತು ಕೊಟ್ಟಾತನೇ ಕಟ್ಟುಬೀಳುತ್ತಾನೆ. ದೇವರು ತನ್ನನ್ನೇ ಮಾತಾಗಿ ಕೊಟ್ಟನೆಂಬ ದೇಹಧಾರಣೆಯ ಮರ್ಮವನ್ನು ಚಿಂತಿಸಲು ಇದೇ ದಾರಿ ತೆರೆಯುತ್ತದೆ.

ಆದುದರಿಂದ ಇಂಗ್ಲಿಷ್ ಗ್ರಂಥಗಳಲ್ಲಿ ಸಿದ್ಧಗೊಂಡ ಅರ್ಥವನ್ನು ಪೀಠದಿಂದ ಕನ್ನಡಿಸಿದರೆ ಸಾಲದು. ಸಭೆಯ ನುಡಿಯಲ್ಲಿಯೇ ಚಿಂತಿಸದಿದ್ದರೆ, ನಾವು ಸಾರುವುದನ್ನು ನಾವೇ ಇನ್ನೂ ಪೂರ್ಣವಾಗಿ ಅರಿತಿಲ್ಲವೆಂದೇ ಅರ್ಥ.